ಪತಂಗದ ಮೊಟ್ಟೆ ಸಾಯುವಷ್ಟು ಚಳಿ

ಗಿರೋನ್‌ಯೋಹ್ಕಾ
೯ ಜುಲೈ ೧೯೬೫

ತಮ್ಮಾ ಇಸ್ಸಾತ್,

ಈ ಕಾಗದದ ಜೊತೆ ಒಂದು ಬೆಂಕಿಪೊಟ್ಟಣ ಬರುತ್ತದೆ. ಊಟದ ಮೇಜಿನ ಮೇಲೆ ತೆರೆಯಬೇಡ. ಒಳಗೆ ಹುಳುಗಳಿವೆ. ನಿನ್ನ ಕೈ ಸೇರುವಷ್ಟರಲ್ಲಿ ಬದುಕಿರುತ್ತವೋ ಇಲ್ಲವೋ ಗೊತ್ತಿಲ್ಲ, ಸತ್ತರೆ ನನಗೇನೂ ದುಃಖವಿಲ್ಲ.

ನಮ್ಮ ಕಣಿವೆಯ ಬರ್ಚ್ ಮರಗಳನ್ನೆಲ್ಲ ಇವು ತಿಂದು ಹಾಕಿವೆ. ಹೋದ ವರ್ಷ ಗುಡ್ಡದ ನೆತ್ತಿಯ ಮರಗಳನ್ನು ತಿಂದಾಗ ಅಪ್ಪ, "ಬಂದಿದಾವೆ, ಹೋಗ್ತಾವೆ ಬಿಡು" ಅಂದಿದ್ದ. ಹೋಗಲಿಲ್ಲ. ಈ ವರ್ಷ ಇಳಿಜಾರನ್ನೆಲ್ಲ ಮುಗಿಸಿ ಹೊಳೆಯ ದಡದವರೆಗೆ ಬಂದಿವೆ. ಜುಲೈ ತಿಂಗಳಲ್ಲಿ ಕಣಿವೆ ಅಕ್ಟೋಬರಿನ ಬಣ್ಣದಲ್ಲಿ ನಿಂತಿದೆ. ಮರದ ಕೆಳಗೆ ನಿಂತರೆ ಜಿನುಗು ಮಳೆಯ ಸದ್ದು ಕೇಳುತ್ತದೆ, ತಲೆಯೆತ್ತಿದರೆ ಒಂದು ಮೋಡವೂ ಇಲ್ಲ. ಉದುರುತ್ತಿರುವುದು ಹುಳುಗಳ ಹಿಕ್ಕೆ. ಕಾಫಿ ಪಾತ್ರೆಯನ್ನು ಮುಚ್ಚಳವಿಲ್ಲದೆ ಹೊರಗಿಡುವ ಹಾಗಿಲ್ಲ. ಒಣಹಾಕಿದ ಮಾಂಸದ ಮೇಲೆ ನೂಲು ಬಿಟ್ಟುಕೊಂಡು ಇಳಿಯುತ್ತವೆ. ನಮ್ಮ ನಾಯಿ ಚಾಹ್ಪೆ ಮೊದಲು ಅವನ್ನು ನೆಕ್ಕಿ ನೋಡುತ್ತಿತ್ತು, ಈಗ ಅದೂ ಮನೆಯೊಳಗೇ ಮಲಗುತ್ತದೆ.

ಅಪ್ಪ ಮಾತು ಕಡಿಮೆ ಮಾಡಿದ್ದಾನೆ. ಅವನ ಅಜ್ಜನ ಕಾಲದಲ್ಲಿ ಗುಡ್ಡದಾಚೆಯ ಕಣಿವೆಯನ್ನು ಇದೇ ಹುಳು ತಿಂದಿತ್ತಂತೆ. ಒಂದು ಬೇಸಿಗೆ ತಿಂದರೆ ಮರ ಹೇಗೋ ತಡೆದುಕೊಳ್ಳುತ್ತದೆ, ಎರಡನೆಯ ಬೇಸಿಗೆಯೂ ತಿಂದರೆ ಸಾಯುತ್ತದೆ. ಆ ಕಣಿವೆಯನ್ನು ನೀನೂ ನೋಡಿದ್ದೀಯ. ಈಗಲೂ ಬೋಳು, ಬಿಟ್ಟುಹೋದವರ ಒಲೆಗಲ್ಲುಗಳು ಮಾತ್ರ ಇವೆ. ನಮ್ಮ ನೆತ್ತಿಯ ಮರಗಳು ಸತ್ತ ಹಾಗೇ. ಮುಂದಿನ ಬೇಸಿಗೆ ಮನೆ ಸುತ್ತಲಿನವೂ ಚಿಗುರದಿದ್ದರೆ ಸೌದೆಯಿಲ್ಲ, ಹಿಮಸಾರಂಗಗಳಿಗೆ ಎಲೆಯಿಲ್ಲ. ರಸ್ತೆ ಬದಿಯ ಊರಿಗೆ ಹೋಗಬೇಕು. ಅಪ್ಪನಿಗೆ ಇದನ್ನು ಹೇಳಿದೆ. "ನೀನು ಹೋಗು. ನಾನು ಇಲ್ಲೇ ಇರ್ತೀನಿ, ನಿಮ್ಮವ್ವನೂ ಇಲ್ಲೇ ಮಣ್ಣಲ್ಲಿ ಮಲಗವಳೆ" ಅಂದ.

ಹುಳುಗಳಿಗೆ ಸೂಜಿ ಚುಚ್ಚುವುದಕ್ಕೇ ನಿನಗೆ ಸಂಬಳ ಕೊಡುತ್ತಾರೆ. ಇವನ್ನು ಓಡಿಸುವುದು ಹೇಗೆ ಎಂದು ನಿನ್ನ ಪ್ರೊಫೆಸರನ್ನು ಕೇಳಿ ಬರೆ.

ರಾವ್ನಾ

*

ತುರ್ಕು
೨ ಆಗಸ್ಟ್ ೧೯೬೫

ಅಕ್ಕಾ,

ನಿನ್ನ ಪೊಟ್ಟಣವನ್ನು ಊಟದ ಮೇಜಿನ ಮೇಲೆಯೇ ತೆರೆದೆ. ಮನೆಯೊಡತಿ ಎರಡು ದಿನ ನನಗೆ ಸಾರು ಬಡಿಸಲಿಲ್ಲ. ನಾಲ್ಕು ಹುಳು ಬದುಕಿದ್ದವು, ಅವನ್ನು ಸಂಗ್ರಹಾಲಯದಲ್ಲಿ ಮಣ್ಣು ತುಂಬಿದ ಜಾಡಿಯಲ್ಲಿ ಬಿಟ್ಟಿದ್ದೇನೆ.

ಇವು ನಮ್ಮ ಬಿಸಿಲಹಕ್ಕಿಯ ಮರಿಗಳಲ್ಲ. ಅಂದರೆ ಚಿಟ್ಟೆಯಲ್ಲ, ಪತಂಗ. ಇಲ್ಲಿನ ಹುಡುಗರನ್ನು ಇವೆರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ಗಿಳಿಪಾಠ ಒಪ್ಪಿಸುತ್ತಾರೆ: ಚಿಟ್ಟೆ ಹಗಲು ಹಾರುತ್ತದೆ, ಪತಂಗ ರಾತ್ರಿ, ಚಿಟ್ಟೆಗೆ ಬಣ್ಣ, ಪತಂಗಕ್ಕೆ ಬೂದಿ. ನನಗೆ ನಗು ಬರುತ್ತದೆ. ನಮ್ಮ ಬೇಸಿಗೆಗೆ ರಾತ್ರಿಯೇ ಇಲ್ಲ, ಪಾಪ, ಪತಂಗ ಯಾವಾಗ ಹಾರಬೇಕು? ನಮ್ಮಲ್ಲಿ ಎರಡೂ ಬಿಸಿಲಲ್ಲೇ ಹಾರುತ್ತವೆ, ಎರಡೂ ಕಪ್ಪುಗಂದು, ಎರಡಕ್ಕೂ ಮೈತುಂಬ ತುಪ್ಪಳ. ಮೀಸೆ ನೋಡಿ ಗುರುತಿಸಬೇಕು. ಚಿಟ್ಟೆಯ ಮೀಸೆಯ ತುದಿ ಗುಂಡಗೆ, ಪತಂಗದ್ದು ನೂಲಿನಂತೆ ಇಲ್ಲವೇ ಗರಿಯಂತೆ. ಕೂತಾಗಲೂ ನೋಡು. ಚಿಟ್ಟೆ ಕಲ್ಲಿನ ಮೇಲೆ ಕೂತು ಬಿಸಿಲಿಗೆ ರೆಕ್ಕೆ ಒಡ್ಡಿಕೊಂಡು ಮೈ ಕಾಯಿಸಿಕೊಳ್ಳುತ್ತದೆ. ಪತಂಗ ರೆಕ್ಕೆ ಮಡಿಸಿ ತೊಗಟೆಗೆ ಅಂಟಿಕೊಳ್ಳುತ್ತದೆ.

ನಾನು ಬರೆಯುತ್ತಿರುವ ಪ್ರಬಂಧವೂ ಇದರ ಮೇಲೆಯೇ: ಉತ್ತರದ ಚಳಿಯಲ್ಲಿ ಇವೆರಡೂ ಹೇಗೆ ಬೇರೆ ಬೇರೆಯಾಗಿ ಬದುಕುತ್ತವೆ ಎಂದು. ಹಾಗಾಗಿ ನಿನ್ನಿಂದ ಒಂದು ಉಪಕಾರವಾಗಬೇಕು. ಶರತ್ಕಾಲದಲ್ಲಿ ಪತಂಗಗಳು ಹಾರುವಾಗ ಎಲ್ಲಿ ಮೊಟ್ಟೆಯಿಡುತ್ತವೆ ನೋಡಿ ಬರೆ. ಕಪ್ಪು ಚಿಟ್ಟೆಯ ಮರಿಗಳು ಎಲ್ಲಿ ಸೇರಿಕೊಳ್ಳುತ್ತವೆ ಅದನ್ನೂ ನೋಡು. ಓಡಿಸುವುದು ಹೇಗೆ ಎಂದು ಪ್ರೊಫೆಸರನ್ನು ಕೇಳಿದೆ. ಮನುಷ್ಯರ ಕೈಲಿ ಆಗದು, ಚಳಿಯ ಕೈಲಿ ಆಗಬಹುದು ಅಂದರು. ವಿವರ ಓದಿ ಬರೆಯುತ್ತೇನೆ.

ಅಪ್ಪನಿಗೆ ಹೇಳು, ಕ್ರಿಸ್‌ಮಸ್‌ಗೆ ಬರುತ್ತೇನೆ.

ಇಸ್ಸಾತ್

*

ಗಿರೋನ್‌ಯೋಹ್ಕಾ
೨೦ ಸೆಪ್ಟೆಂಬರ್ ೧೯೬೫

ಇಸ್ಸಾತ್,

ನೀನು ಹೇಳಿದ ಹಾಗೆ ಹುಳುಗಳ ಮೀಸೆ ನೋಡುತ್ತಾ ಕೂತೆ. ಮೂವತ್ತನಾಲ್ಕು ವರ್ಷಕ್ಕೆ ಇದೊಂದು ಕೆಲಸ ಬಾಕಿಯಿತ್ತು. ಚಿಕ್ಕಮ್ಮ ದಾರಿಯಲ್ಲಿ ಬರುವಾಗ ನಾನು ಕಲ್ಲಿನ ಮೇಲೆ ಬೋರಲು ಮಲಗಿದ್ದೆ. ನೋಡಿ ಓಡೋಡಿ ಬಂದಳು, ಬಿದ್ದು ಸತ್ತಿದ್ದೇನೆ ಅಂದುಕೊಂಡಳಂತೆ.

ಪತಂಗಗಳು ಈಗ ಕಣಿವೆ ತುಂಬ ಇವೆ. ಮರ ಅಲ್ಲಾಡಿಸಿದರೆ ಬೂದಿ ಎದ್ದ ಹಾಗೆ ಏಳುತ್ತವೆ, ಮತ್ತೆ ಅಲ್ಲೇ ಕೂರುತ್ತವೆ. ಮೊದಲ ಹಿಮ ಬಿದ್ದರೂ ಹಾರುತ್ತಿವೆ. ಮೊಟ್ಟೆಯಿಡುವುದು ರೆಂಬೆಗಳ ಮೇಲೆ, ತೊಗಟೆಯ ಸಂದಿಯಲ್ಲಿ, ನನ್ನ ತಲೆಗಿಂತ ಎತ್ತರದಲ್ಲಿ. ಬೇಕಾದರೆ ಏಣಿ ಹಾಕಿ ಎಣಿಸುತ್ತೇನೆ, ಆದರೆ ಅದಕ್ಕೆ ಸಂಬಳ ಕೊಡಬೇಕು.

ಕಪ್ಪು ಚಿಟ್ಟೆಗಳು ಆಗಸ್ಟಿನಲ್ಲೇ ಮುಗಿದವು. ಅವುಗಳ ಮರಿಗಳನ್ನು ಹುಡುಕಿಕೊಟ್ಟವನು ಅಪ್ಪ. ನಾನು ಮೂರು ದಿನ ಹುಡುಕಿ ಸಾಕಾದ ಮೇಲೆ ಅವನು ಬಂದು ಹುಲ್ಲಿನ ಬುಡವನ್ನು ಬೆರಳಿಂದ ಬಿಡಿಸಿದ. ಹಳದಿ ಹುಲ್ಲಿನ ಬಣ್ಣದ್ದೇ ಒಂದು ಹುಳು ಮುದುಡಿಕೊಂಡಿತ್ತು. "ಇದು ಎರಡು ಚಳಿಗಾಲ ಹಿಂಗೇ ಮಲಗತ್ತೆ. ನಂಗೆ ಮೊದ್ಲಿಂದ ಗೊತ್ತು, ಯಾರೂ ಕೇಳ್ಲಿಲ್ಲ" ಅಂದ. ನಿನ್ನ ಪ್ರೊಫೆಸರಿಗೆ ಹೇಳು.

ಅಪ್ಪ ನಿನ್ನ ಕಾಗದವನ್ನು ಎರಡು ಸಲ ಓದಿಸಿಕೊಂಡ. ಚಳಿಯ ಮಾತು ಬಂದಲ್ಲಿ ನಿಲ್ಲಿಸಿ, ಎಷ್ಟು ಚಳಿ ಬೇಕಂತೆ ಎಂದು ಕೇಳಿದ. ಬೇಗ ಬರೆ.

ರಾವ್ನಾ

*

ತುರ್ಕು
೨೫ ಅಕ್ಟೋಬರ್ ೧೯೬೫

ಅಕ್ಕಾ,

ಓದಿದೆ. ಸೊನ್ನೆಯ ಕೆಳಗೆ ಮೂವತ್ತಾರು ಡಿಗ್ರಿ. ಅಷ್ಟು ಚಳಿಗೆ ಪತಂಗದ ಮೊಟ್ಟೆ ಹೆಪ್ಪುಗಟ್ಟಿ ಸಾಯುತ್ತದೆ.

ಎಲ್ಲ ನೀನು ನೋಡಿದ್ದರಲ್ಲೇ ಇದೆ. ಚಿಟ್ಟೆಯ ಮರಿ ಹುಲ್ಲಿನ ಬುಡದಲ್ಲಿದೆ, ಅದರ ಮೇಲೆ ಮೊಳಗಟ್ಟಲೆ ಹಿಮ. ಹಿಮದಡಿ ಎಷ್ಟು ಬೆಚ್ಚಗಿರುತ್ತದೆಂದು ನಮ್ಮವರಿಗೆ ಯಾರೂ ಹೇಳಬೇಕಾಗಿಲ್ಲ. ಪತಂಗದ ಮೊಟ್ಟೆ ಹಿಮದ ಮೇಲೆ, ಬತ್ತಲೆ ರೆಂಬೆಯಲ್ಲಿದೆ. ಒಂದು ಹೊದ್ದು ಮಲಗಿದೆ, ಇನ್ನೊಂದು ಬಯಲಲ್ಲಿ ನಿಂತಿದೆ. ಘೋರ ಚಳಿ ಬಂದರೆ ಚಿಟ್ಟೆಗೆ ಏನೂ ಆಗುವುದಿಲ್ಲ, ಪತಂಗ ನಾಶವಾಗುತ್ತದೆ. ತಣ್ಣನೆಯ ಗಾಳಿ ನೀರಿನಂತೆ ಕೆಳಗೆ ಹರಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ, ನಮ್ಮ ಮನೆಯೂ ಅಲ್ಲೇ ಇದೆ. ಹಾಗಾಗಿ ಈ ಸಲ ಚಳಿ ಬರಲಿ ಎಂದು ಬೇಡಿಕೊಳ್ಳಿ.

ಒಂದು ಥರ್ಮಾಮೀಟರ್ ಕಳಿಸಿದ್ದೇನೆ. ನನ್ನ ಸಂಬಳದಲ್ಲೇ ಕೊಂಡದ್ದು, ಇಲ್ಲಿನ ಅಂಗಡಿಯಲ್ಲಿದ್ದುದರಲ್ಲೆಲ್ಲ ಒಳ್ಳೆಯದು, ಪಾದರಸದ್ದು. ರಸ್ತೆ ಊರಿನ ಲೆಂಪಿಯ ಅಂಗಡಿ ಬಾಗಿಲಲ್ಲಿ ತೂಗಾಡುವ ಕೆಂಪು ನೀರಿನ ಅಗ್ಗದ ಕೊಳವೆಯಲ್ಲ. ಹೊಳೆ ತಿರುಗುವಲ್ಲಿರುವ ದೊಡ್ಡ ಬರ್ಚಿಗೆ ಕಟ್ಟಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ. ಹೋದ ತಕ್ಷಣ ನೋಡಬೇಡಿ, ಪಕ್ಕದಲ್ಲಿ ನಿಂತು ಉಸಿರೂ ಬಿಡಬೇಡಿ. ಅದು ಕದಲಿ, ಇಳಿದು, ನಿಂತ ಮೇಲೆ ಗುರುತು ಹಾಕಿ. ನನ್ನ ಪ್ರಬಂಧಕ್ಕೆ ಈ ಅಂಕಿಗಳು ಬೇಕೇ ಬೇಕು. ಈ ಕೆಲಸವನ್ನು ಅಪ್ಪನಿಗೇ ಕೊಡು. ಅವನಿಗೂ ಹೊತ್ತು ಹೋಗುತ್ತದೆ.

ಇಸ್ಸಾತ್

*

ಗಿರೋನ್‌ಯೋಹ್ಕಾ
೧೨ ಡಿಸೆಂಬರ್ ೧೯೬೫

ಇಸ್ಸಾತ್,

ಕ್ರಿಸ್‌ಮಸ್‌ಗೆ ಬರಲಾಗುವುದಿಲ್ಲ ಎಂದು ಬರೆದಿದ್ದೀಯ. ಅಪ್ಪನಿಗೆ ಓದಿ ಹೇಳಿದೆ. ಪರೀಕ್ಷೆ ಇರಬೇಕು ಅಂದ. ಪರೀಕ್ಷೆಯೆಂದು ನೀನು ಬರೆದಿರಲಿಲ್ಲ, ನಾನು ಹೌದು ಅಂದೆ.

ಥರ್ಮಾಮೀಟರ್ ಬಂದ ದಿನದಿಂದ ಈ ಮನೆಯಲ್ಲಿ ಸರ್ಕಾರಿ ಕಚೇರಿ ಶುರುವಾಗಿದೆ. ಅಪ್ಪ ಬೆಳಿಗ್ಗೆ ಎದ್ದು ಕಾಫಿ ಕುಡಿದು, ಚರ್ಚಿಗೆ ಹಾಕುವ ನಾಲ್ಕು ಮೂಲೆಯ ಟೋಪಿ ಹಾಕಿಕೊಂಡು ಹೊಳೆಯ ಕಡೆ ಹೊರಡುತ್ತಾನೆ. "ಹುಳದ ಮೊಟ್ಟೆ ನೋಡೋಕೆ ಆ ಟೋಪಿ ಯಾಕಪ್ಪಾ?" ಎಂದು ಕೇಳಿದೆ. "ಇಸ್ಸಾತ್ ಕೆಲ್ಸ ಇದು, ನಿಂಗೇನು ಗೊತ್ತು" ಅಂದ. ಅಂಕಿ ಓದಲು ಬಾರದಿದ್ದರೂ ಸೊನ್ನೆಯಿಂದ ಕೆಳಗೆ ಗೀಟುಗಳನ್ನು ಉಗುರಿನಿಂದ ಎಣಿಸುತ್ತಾನೆ. ಬಂದು ಒಂದು ಬರ್ಚ್ ಕೋಲಿನ ಮೇಲೆ ಅಷ್ಟು ಕಚ್ಚು ಹಾಕುತ್ತಾನೆ. ಹತ್ತಕ್ಕೊಂದು ದೊಡ್ಡ ಕಚ್ಚು, ಒಂದಕ್ಕೊಂದು ಚಿಕ್ಕದು. ನಾನು ಅದನ್ನು ನೋಡಿ ಕಾಗದಕ್ಕೆ ಇಳಿಸುತ್ತೇನೆ. ಕೋಲಿನ ತುದಿಯಲ್ಲಿ ನಮ್ಮ ಹಿಮಸಾರಂಗಗಳ ಕಿವಿಗೆ ಹಾಕುವ ತನ್ನ ಗುರುತನ್ನೇ ಕೆತ್ತಿದ್ದಾನೆ, ಯಾರು ಎಣಿಸಿದ್ದೆಂದು ಪ್ರೊಫೆಸರಿಗೆ ಗೊತ್ತಾಗಬೇಕಂತೆ.

ಆದರೆ ಚಳಿಯೇ ಬಂದಿಲ್ಲ. ಹೆಚ್ಚೆಂದರೆ ಇಪ್ಪತ್ತೆರಡು. ಅಪ್ಪ ಹೊಳೆಯಿಂದ ಮುಖ ಊದಿಸಿಕೊಂಡು ಬರುತ್ತಾನೆ. ಚಳಿ ಕಡಿಮೆಯಾಯಿತೆಂದು ಬೈಯುವ ಮುದುಕನನ್ನು ನಾನು ಈಗಲೇ ನೋಡಿದ್ದು. ನಿಜ ಹೇಳಬೇಕೆಂದರೆ ನಾನೂ ಬೇಡಿಕೊಳ್ಳುತ್ತಿದ್ದೇನೆ.

ರಾವ್ನಾ

*

ಗಿರೋನ್‌ಯೋಹ್ಕಾ
೧೮ ಜನವರಿ ೧೯೬೬

ಇಸ್ಸಾತ್,

ಬಂತು. ಶಾಯಿ ಗಟ್ಟಿಯಾಗುತ್ತದೆ, ಒಲೆಯ ಬಳಿ ಕೂತು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ.

ಹದಿಮೂರನೆಯ ತಾರೀಖು ಮೂವತ್ತಮೂರು. ಹದಿನಾಲ್ಕು, ಮೂವತ್ತೇಳು. ಹದಿನೈದು, ಮೂವತ್ತೊಂಬತ್ತು. ಹದಿನಾರು, ಮೂವತ್ತೊಂಬತ್ತು. ಹದಿನೇಳು, ಮೂವತ್ತೊಂಬತ್ತು. ಇವತ್ತು ಮೋಡ ಕವಿದು ಇಪ್ಪತ್ತಾರಕ್ಕೆ ಬಂದಿದೆ.

ಮೂವತ್ತೇಳು ಬಂದ ದಿನ ಅಪ್ಪ ಬಾಗಿಲು ತೆಗೆದವನೇ, "ರಾವ್ನಾ, ಹೋದ್ವು" ಅಂದ. ಯಾರು ಎಂದು ಗಾಬರಿಯಾದೆ. ಮೊಟ್ಟೆಗಳಂತೆ. ಆ ದಿನ ಮೂಳೆ ಸೀಳಿ ಮಜ್ಜೆ ಬೇಯಿಸಿದೆ, ಹಬ್ಬದ ಊಟ ಮಾಡಿದೆವು. ಅವನು ನಗುವುದನ್ನು ನೋಡಿ ವರ್ಷವಾಗಿತ್ತು. ನಿನ್ನ ಮಗನಿಂದಲೇ ಮನೆ ಉಳಿಯಿತು ಎಂದು ಹೇಳಿದೆ. ಉಳೀತು ಅಂತ ಎಲೆ ಬಂದ ಮೇಲೆ ಹೇಳು ಅಂದ.

ರಾವ್ನಾ

*

ತುರ್ಕು
೨೯ ಜನವರಿ ೧೯೬೬

ಅಕ್ಕಾ,

ನಿನ್ನ ಕಾಗದ ಓದಿ ಮೆಟ್ಟಿಲ ಮೇಲೆಯೇ ಕೂಗಿದೆ. ಮೂವತ್ತೇಳು ಸಾಕು. ಪತಂಗದ ಕಥೆ ಮುಗಿಯಿತು. ಜೂನ್‌ನಲ್ಲಿ ಹಸಿರೆಲೆ ನೋಡುತ್ತೀರಿ.

ಆದರೆ ಅಪ್ಪನ ಮೇಲೆ ಒಂದು ದೂರಿದೆ. ಮೂರು ದಿನವೂ ಸರಿಯಾಗಿ ಮೂವತ್ತೊಂಬತ್ತು ಹೇಗಾಗುತ್ತದೆ? ಚಳಿ ಒಂದೇ ಗೀಟಿನ ಮೇಲೆ ಮೂರು ದಿನ ನಿಲ್ಲುವುದಿಲ್ಲ. ಮೇಲೆ ಕೆಳಗೆ ಆಡಲೇಬೇಕು. ಹೊಳೆಗೆ ಹೋಗುವುದು ಬೇಜಾರಾಗಿ ಒಲೆ ಪಕ್ಕ ಕೂತೇ ಕೋಲು ಕೆತ್ತಿಬಿಟ್ಟನೋ ಎಂದು ಕೇಳು. ಇಲ್ಲಿ ಪ್ರತಿ ಅಂಕಿಗೂ ನಾನು ಜವಾಬು ಹೇಳಬೇಕು. ಇಂಥದ್ದನ್ನು ತೋರಿಸಿದರೆ ನಗುತ್ತಾರೆ. ಇನ್ನೊಂದು ಸಲ ಅಂಥ ಚಳಿ ಬಂದರೆ ಅವಸರ ಮಾಡದೆ, ಅದು ಕದಲುವವರೆಗೆ ನಿಂತು ನೋಡಲಿ. ನೋಡಿದ್ದೇ ಆದರೆ ನಿಜವಾಗಿ ನೋಡಲಿ.

ತಮಾಷೆಗೆ ಬರೆದೆ. ಸಿಟ್ಟು ಮಾಡಿಕೊಳ್ಳಬೇಡಿ.

ಇಸ್ಸಾತ್

*

ತುರ್ಕು
೨೭ ಫೆಬ್ರವರಿ ೧೯೬೬

ಅಕ್ಕಾ,

ತಿಂಗಳಾಯಿತು, ನಿನ್ನಿಂದ ಕಾಗದವಿಲ್ಲ. ಈ ತಿಂಗಳು ಉತ್ತರದಲ್ಲಿ ಮತ್ತೆ ಘೋರ ಚಳಿಯಂತೆ, ರೇಡಿಯೋದಲ್ಲಿ ಕೇಳಿ ಖುಷಿಪಟ್ಟೆ. ಉಳಿದಿದ್ದ ಮೊಟ್ಟೆಗಳೂ ಸತ್ತಿರಬೇಕು. ಅಪ್ಪನ ಅಂಕಿಗಳಿಗಾಗಿ ಕಾಯುತ್ತಿದ್ದೇನೆ. ಅಂಚೆ ಬಸ್ಸು ನಿಂತಿದೆಯೋ, ಅಪ್ಪನ ಮುನಿಸೋ?

ಇಸ್ಸಾತ್

*

ಗಿರೋನ್‌ಯೋಹ್ಕಾ
೨೦ ಮಾರ್ಚ್ ೧೯೬೬

ಇಸ್ಸಾತ್,

ಕಾಗದ ತಲುಪಿತು. ಇಲ್ಲಿ ಕೆಲಸ ಹೆಚ್ಚು. ಅಪ್ಪ ಈಗ ಹೊಳೆಗೆ ಹೋಗುತ್ತಿಲ್ಲ. ಅಂಕಿಗಳಿಲ್ಲ. ಥರ್ಮಾಮೀಟರ್ ಮರದಲ್ಲೇ ಇದೆ.

ಎಲೆ ಬಂದ ಮೇಲೆ ಬರೆಯುತ್ತೇನೆ. ಅಲ್ಲಿಯವರೆಗೆ ಕಾಗದಕ್ಕೆ ಕಾಯಬೇಡ.

ರಾವ್ನಾ

*

ತುರ್ಕು
೮ ಮೇ ೧೯೬೬

ಅಕ್ಕಾ,

ಕಾಯಬೇಡ ಅಂದಿದ್ದೆ, ಆದರೆ ನಾನೇ ಬರೆಯದೆ ಇರಲಾರೆ. ಈ ಕಾಗದವನ್ನು ಅಪ್ಪನಿಗೆ ಗಟ್ಟಿಯಾಗಿ ಓದು. ಅವನು ಆ ಕಡೆ ತಿರುಗಿ ಮಲಗಿದರೂ ಓದು.

ನಿನ್ನೆ ಕೆಲಸದ ಕೋಣೆಯಲ್ಲಿ ಒಬ್ಬ ಹಳೆಯ ಸಹಾಯಕ ನನ್ನ ಟಿಪ್ಪಣಿ ನೋಡುತ್ತಿದ್ದ. ಮೂವತ್ತೊಂಬತ್ತರ ಮೂರು ಅಂಕಿಗಳ ಮೇಲೆ ನಾನು ಕೆಂಪು ಗೀಟು ಎಳೆದದ್ದನ್ನು ನೋಡಿ ಕಾರಣ ಕೇಳಿದ. ಎಣಿಸಿದವನು ಅವಸರ ಮಾಡಿದ್ದಾನೆ ಅಂದೆ. "ಪಾದರಸದ್ದಾ? ಮೂವತ್ತೊಂಬತ್ತಕ್ಕೆ ಅದು ಹೆಪ್ಪುಗಟ್ಟತ್ತಲ್ಲಯ್ಯಾ. ಆಮೇಲೆ ಎಷ್ಟು ಹೊತ್ತು ನಿಂತ್ರೂ ಕದಲಲ್ಲ. ನಿಮ್ಮೂರಲ್ಲಿ ಸ್ಪಿರಿಟಿನದನ್ನೇ ಇಡ್ತಾರಲ್ಲಾ, ನಿಂಗೆ ಗೊತ್ತಿರ್ಲಿಲ್ವಾ?" ಎಂದು ಕೇಳಿದ.

ಗೊತ್ತಿರಬೇಕಿತ್ತು. ಲೆಂಪಿಯ ಅಂಗಡಿಯ ಆ ಕೆಂಪು ಕೊಳವೆಯನ್ನು ಅಗ್ಗದ್ದು ಎಂದು ಹಳಿದವನು ನಾನು. ಎಂಟು ಚಳಿಗಾಲ ಇಲ್ಲಿ ಕಳೆದೆ, ನಮ್ಮೂರಿನ ಚಳಿ ನನಗೆ ಮರೆತೇಹೋಗಿದೆ. ಅಪ್ಪ ನೋಡಿದ್ದು ಸರಿ, ಕೆತ್ತಿದ್ದು ಸರಿ. ಹೊರಗೆ ನಲವತ್ತೊಂದಿತ್ತೋ ನಲವತ್ತನಾಲ್ಕಿತ್ತೋ, ಕೊಳವೆ ಮೂವತ್ತೊಂಬತ್ತನ್ನೇ ತೋರಿಸುತ್ತಿತ್ತು.

ಇನ್ನೊಂದನ್ನು ನಿಮ್ಮಿಂದ ಮುಚ್ಚಿಟ್ಟಿದ್ದೆ. ಫೆಬ್ರವರಿಯಲ್ಲಿ ಪ್ರೊಫೆಸರ ಮುಂದೆ, ಹತ್ತು ಜನರ ಎದುರಿಗೆ, ಆ ಮೂರು ದಿನಗಳನ್ನು ಹೊಡೆದುಹಾಕಿ ಹೇಳಿದೆ: ಎಣಿಸಿದವನು ಓದುಬರಹವಿಲ್ಲದ ಒಬ್ಬ ಮುದುಕ, ನಂಬುವ ಹಾಗಿಲ್ಲ ಎಂದು. ನನ್ನ ಅಪ್ಪ ಎಂದು ಹೇಳಲಿಲ್ಲ. ಅಪ್ಪನ ಕಾಲು ಹಿಡಿದು ಕೇಳಿಕೊಳ್ಳುತ್ತೇನೆ, ನನ್ನನ್ನು ಕ್ಷಮಿಸಲಿ. ಬೈದರೂ ಸರಿ, ನಕ್ಕರೂ ಸರಿ, ಅವನ ಬಾಯಿಂದ ಬಂದದ್ದನ್ನು ಹಾಗೆಯೇ ಬರೆದು ಕಳಿಸು.

ಸ್ಪಿರಿಟಿನ ಥರ್ಮಾಮೀಟರ್ ಒಂದನ್ನು, ಅಪ್ಪನಿಗೆ ಹೊಗೆಸೊಪ್ಪಿನ ದೊಡ್ಡ ಪೊಟ್ಟಣ ಒಂದನ್ನು ಕಳಿಸಿದ್ದೇನೆ.

ಇಸ್ಸಾತ್

*

ಗಿರೋನ್‌ಯೋಹ್ಕಾ
೨೮ ಜೂನ್ ೧೯೬೬

ತಮ್ಮಾ,

ಕೂತುಕೊಂಡು ಓದು.

ಅಪ್ಪ ಫೆಬ್ರವರಿ ಇಪ್ಪತ್ತನಾಲ್ಕರಂದು ತೀರಿಕೊಂಡ. ನೀನು ಮುನಿಸೋ ಎಂದು ಕೇಳಿ ಬರೆದಾಗ ಅವನು ಹೋಗಿ ಮೂರು ದಿನವಾಗಿತ್ತು. ಮಾರ್ಚಿನಲ್ಲಿ ನಾನು ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ, ನಿಜವೂ ಇರಲಿಲ್ಲ. ನಿನಗೆ ಹೇಳದಿರಲು ಅವನೇ ಕಾರಣ. ಅದನ್ನು ಮುಂದೆ ಬರೆಯುತ್ತೇನೆ.

ಮೂವತ್ತೊಂಬತ್ತರ ಬಗ್ಗೆ ನೀನು ಬರೆದ ಕಾಗದ ಫೆಬ್ರವರಿ ಆರರಂದು ಬಂತು. ನಾನು ಪೂರ್ತಿ ಓದಿ ಹೇಳಿದೆ. ಒಲೆ ಪಕ್ಕ ಕೂತು ಕೆತ್ತಿದನೋ ಎಂಬುದನ್ನೂ ಓದಿದೆ. ಅಲ್ಲಿ ತಡೆದು ಬಿಟ್ಟುಬಿಡಬಹುದಿತ್ತು. ನನಗೇ ನಗು ಬಂದಿತ್ತು, ಅವನೂ ನಗುತ್ತಾನೆಂದುಕೊಂಡೆ. ಅವನು ನಗಲಿಲ್ಲ. ಕೋಲು ತೆಗೆದುಕೊಂಡು ಆ ಮೂರು ದಿನಗಳ ಕಚ್ಚುಗಳನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತಿದ್ದ. ಆ ಕಾಗದ ಓದಿದ್ದು ನೀನಲ್ಲ, ನಾನು. ಇದನ್ನು ನಾಲ್ಕು ತಿಂಗಳಿಂದ ಎದೆಯಲ್ಲಿಟ್ಟುಕೊಂಡಿದ್ದೇನೆ.

ಮರುದಿನ ಚಳಿ ಮತ್ತೆ ಬಂತು. ಉಗುಳಿದರೆ ನೆಲ ಮುಟ್ಟುವ ಮೊದಲೇ ಸಿಡಿಯುವ ಚಳಿ. ಇವತ್ತು ಬೇಡ ಅಂದೆ. "ಬೇಡ ಅಂದ್ರೆ ಹೆಂಗೆ? ಇವತ್ತೇ ಬೇಕಾಗಿರೋದು" ಎಂದು ಹೇಳಿ ಟೋಪಿ ಹಾಕಿಕೊಂಡು ಹೋದ. ನಾನು ಚರ್ಮ ಹದಮಾಡುತ್ತಿದ್ದೆ. ಹೊತ್ತಾಯಿತು. ಮಂಜುಗಡ್ಡೆಯ ಕೆಳಗೆ ಬಿಟ್ಟ ಮೀನಿನ ಬಲೆ ನೋಡಲು ಹೋಗಿರಬೇಕು ಅಂದುಕೊಂಡೆ. ಬಿಸಿಲು ಬಂದು ಹೋದ ಮೇಲೆ ಚಾಹ್ಪೆ ಒಂದೇ ಬಂದು ಬಾಗಿಲು ಕೆರೆಯಿತು.

ಅಪ್ಪ ದೊಡ್ಡ ಬರ್ಚಿಗೆ ಒರಗಿ ನಿಂತೇ ಇದ್ದ. ಗೀಟುಗಳನ್ನು ಉಗುರಿನಿಂದ ಎಣಿಸಲು ಬಲಗೈ ಗವಸು ತೆಗೆದಿದ್ದ, ಮತ್ತೆ ಹಾಕಿಕೊಂಡಿರಲಿಲ್ಲ. ನನ್ನನ್ನು ನೋಡಿ, "ರಾವ್ನಾ, ಇದು ಕದಲ್ತಾನೇ ಇಲ್ಲ. ಇಸ್ಸಾತ್ ಕದಲೋವರ್ಗೂ ನಿಂತ್ಕೋ ಅಂದಿದಾನೆ" ಅಂದ. ಹಿಮದಲ್ಲಿ ಗುಂಡಿ ತೋಡಿ ಕೂತಿದ್ದರೂ ಬದುಕುತ್ತಿದ್ದ. ನಾಲ್ಕು ವರ್ಷದ ಮಗುವಿಗೂ ನಮ್ಮಲ್ಲಿ ಅದು ಗೊತ್ತು. ಆದರೆ ಗುಂಡಿಯಲ್ಲಿ ಕೂತರೆ ಕೊಳವೆ ಕಾಣುವುದಿಲ್ಲವಲ್ಲ.

ಜಾರುಬಂಡಿಯಲ್ಲಿ ಮಲಗಿಸಿ ಎಳೆದು ತಂದೆ. ಬಲಗೈ ಬೆರಳುಗಳೂ ಎರಡು ಪಾದಗಳೂ ಕಪ್ಪಾದವು. ವಾರ ಕಳೆಯುವಷ್ಟರಲ್ಲಿ ಕೆಮ್ಮು ಎದೆಗಿಳಿಯಿತು. ರಸ್ತೆಗೆ ಒಯ್ದು ಆಸ್ಪತ್ರೆಗೆ ಸೇರಿಸೋಣ ಅಂದರೆ ಒಪ್ಪಲಿಲ್ಲ. ಸುದ್ದಿ ಕೇಳಿ ಅಂಗಡಿಯ ಲೆಂಪಿ ಔಷಧಿ ಹಿಡಿದು, ಸ್ಕೀ ಕಟ್ಟಿಕೊಂಡು ಹಿಮದಲ್ಲಿ ಎರಡು ದಿನ ಜಾರಿಕೊಂಡು ಬಂದಳು. ದಾರಿಯಲ್ಲಿ ಮರದ ಮೇಲಿನ ಕೊಳವೆ ನೋಡಿದ್ದಳು. ಒಳಗೆ ಬಂದವಳೇ, "ಯಾವ ಪೆದ್ದ ಅಲ್ಲಿ ಪಾದರಸದ್ದು ಕಟ್ಟಿದ್ದು? ಅದು ಮೂವತ್ತೊಂಬತ್ತಕ್ಕೆ ಕಲ್ಲಾಗತ್ತೆ" ಅಂದಳು. ನಾನು ಅವಳ ಕಾಲು ತುಳಿದೆ, ತಡವಾಗಿತ್ತು.

ಅಪ್ಪ ನಕ್ಕ. ಕೆಮ್ಮು ಬರುವವರೆಗೆ ನಕ್ಕ. ನೀನು ಅವನ ಬಾಯಿಂದ ಬಂದದ್ದನ್ನು ಹಾಗೆಯೇ ಬರೆ ಅಂದಿದ್ದೀಯ, ಬರೆಯುತ್ತೇನೆ. "ಹಂಗಾದ್ರೆ ನಾನು ಎಣಿಸಿದ್ದು ಸರಿ" ಅಂದ. ಮತ್ತೆ ಹೇಳಿದ: "ಹುಡುಗ ಬೆಚ್ಚಗಿರೋ ಊರಲ್ಲಿದಾನೆ, ಮರ್ತಿರ್ತಾನೆ. ಪಾದರಸದ ವಿಷ್ಯ ಅವ್ನಿಗೆ ಯಾವತ್ತೂ ಬರೀಬೇಡ. ನಾನು ಹೋದ್ರೆ, ಎಲೆ ಬಂದ್ಮೇಲೆ ಬರಿ. ಎಲೆ ನೋಡ್ಕೊಂಡು ಓದ್ಲಿ." ಇಷ್ಟೇ. ಅವನು ನಿನ್ನನ್ನು ಬೈಯಲಿಲ್ಲ ಇಸ್ಸಾತ್. ನಾನು ಬೈದೆ. ಸಮಾಧಿ ತೋಡುವ ದಿನ ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ. ನೆಲ ಕಲ್ಲಾಗಿತ್ತು. ಹುಳು ತಿಂದು ಸತ್ತ ನೆತ್ತಿಯ ಬರ್ಚ್‌ಗಳನ್ನು ಕಡಿದು ತಂದು ಎರಡು ದಿನ ಬೆಂಕಿ ಹಾಕಿದ ಮೇಲೆ ಸಲಿಕೆ ಇಳಿಯಿತು. ಒಣಗಿದ ಮರ ಚೆನ್ನಾಗಿ ಉರಿಯಿತು.

ಪಾದರಸದ ವಿಷಯವನ್ನು ನಾನು ಸಾಯುವವರೆಗೂ ಬರೆಯುತ್ತಿರಲಿಲ್ಲ. ಅವನಿಗೆ ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ನಿನ್ನ ಮೇ ತಿಂಗಳ ಕಾಗದ ಬಂತು, ನೀನೇ ಕಂಡುಹಿಡಿದಿದ್ದೆ. ಇನ್ನು ಅರ್ಧ ಹೇಳಿ ಅರ್ಧ ಬಿಟ್ಟರೆ ಉಳಿದರ್ಧವನ್ನು ನೀನು ಜೀವಮಾನವಿಡೀ ಊಹಿಸಿಕೊಂಡು ಸಾಯುತ್ತೀಯ. ಅದಕ್ಕೆ ಎಲ್ಲ ಬರೆದೆ. ನನ್ನ ಪಾಲನ್ನೂ ಬರೆದೆ.

ಎಲೆಯ ವಿಷಯ. ಹತ್ತು ದಿನದ ಹಿಂದೆ ಮೊಗ್ಗು ಬಿರಿಯಿತು. ನಾನು ದಿನಾ ಹೋಗಿ ಹುಳು ಬಂದಿದೆಯೋ ಎಂದು ಒಂದೊಂದು ರೆಂಬೆ ನೋಡುತ್ತಿದ್ದೆ. ಹೊಳೆಯಿಂದ ನಮ್ಮ ಮನೆಯವರೆಗೆ, ಮನೆಯಿಂದ ಮೇಲೆ ಸೌದೆಯ ಗುಡಿಸಲಿನವರೆಗೆ ಒಂದು ಹುಳುವೂ ಇಲ್ಲ. ಎಲೆ ತುಂಬಿಕೊಂಡಿದೆ, ಇಷ್ಟು ಹಸಿರನ್ನು ನಾನು ನೋಡಿರಲಿಲ್ಲ. ಅಲ್ಲಿಂದ ಮೇಲೆ ಮತ್ತೆ ಅದೇ ಕಂದು, ಅದೇ ಹಿಕ್ಕೆಯ ಸದ್ದು. ಗೀಟು ಎಳೆದ ಹಾಗೆ ಕಾಣುತ್ತದೆ. ಚಳಿ ಅಲ್ಲಿಯವರೆಗೆ ಮಾತ್ರ ತುಂಬಿತ್ತು, ಅಷ್ಟೇ. ಮೇಲಿರುವ ಚಿಕ್ಕಪ್ಪನ ಮನೆಯವರು ಆಗಸ್ಟಿನಲ್ಲಿ ರಸ್ತೆ ಊರಿಗೆ ಹೋಗುತ್ತಾರೆ. ನನ್ನ ಹದಿನೆಂಟು ಸಾರಂಗಗಳಿಗೆ, ಒಬ್ಬಳ ಒಲೆಗೆ ಈ ಹಸಿರು ಸಾಕು. ನಾನು ಹೋಗುವುದಿಲ್ಲ.

ನಿನ್ನ ಕಪ್ಪು ಚಿಟ್ಟೆ ಮೊನ್ನೆ ಎದ್ದಿದೆ. ಅಪ್ಪ ಬೆರಳಿಂದ ಹುಲ್ಲು ಬಿಡಿಸಿದ ಜಾಗದ ಹತ್ತಿರವೇ ಕಲ್ಲಿನ ಮೇಲೆ ರೆಕ್ಕೆ ಒಡ್ಡಿಕೊಂಡು ಕೂತಿತ್ತು. ಮೀಸೆ ನೋಡಿದೆ, ತುದಿ ಗುಂಡಗಿತ್ತು. ಇಡೀ ಚಳಿಗಾಲ ಅದಕ್ಕೆ ಏನೂ ಆಗಿರಲಿಲ್ಲ. ಕಲ್ಲಿನ ಪಕ್ಕ ಕೂತು ತುಂಬ ಅತ್ತೆ.

ಹೊಗೆಸೊಪ್ಪನ್ನು ನಾನೇ ಸೇದುತ್ತಿದ್ದೇನೆ. ಹೊಸ ಥರ್ಮಾಮೀಟರನ್ನು ಪೊಟ್ಟಣದಿಂದ ಬಿಚ್ಚಿಲ್ಲ. ಅಪ್ಪನ ಕೋಲನ್ನು ಈ ಕಾಗದದ ಜೊತೆ ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದೇನೆ. ಕೊನೆಯ ಕಚ್ಚುಗಳು ಫೆಬ್ರವರಿ ಏಳರವು. ಬಲಗೈ ಆಗದೆ, ಹಾಸಿಗೆಯಲ್ಲಿ ಎಡಗೈಯಿಂದ ಕೆತ್ತಿದ್ದು, ಅದಕ್ಕೇ ಸೊಟ್ಟಗಿವೆ. ಎಣಿಸಿ ನೋಡು, ದೊಡ್ಡವು ಮೂರು, ಚಿಕ್ಕವು ಒಂಬತ್ತು, ಮೂವತ್ತೊಂಬತ್ತು. ಅದನ್ನು ಪ್ರೊಫೆಸರ ಮೇಜಿನ ಮೇಲಿಡು. ನೀನು ಹೊಡೆದುಹಾಕಿದ ಮೂರು ದಿನಗಳನ್ನು ಮತ್ತೆ ಬರೆ, ಪಕ್ಕದಲ್ಲಿ ಇದನ್ನೂ ಬರೆ. ತುದಿಯ ಗುರುತು ಯಾರದೆಂದು ಕೇಳಿದರೆ ಆ ಹತ್ತು ಜನರ ಎದುರಿಗೇ ಹೇಳು, ನನ್ನ ಅಪ್ಪ ಹೇಯ್ಕಾನದು ಎಂದು.

ಆಮೇಲೆ ಬಾ. ಹಳೆಯ ಥರ್ಮಾಮೀಟರ್ ಇನ್ನೂ ಹೊಳೆಯ ತಿರುವಿನ ಮರದಲ್ಲಿದೆ. ಇವತ್ತು ಬೆಳಿಗ್ಗೆ ಹೋಗಿ ನೋಡಿದೆ, ಹನ್ನೊಂದು ಡಿಗ್ರಿ, ಬಿಸಿಲು ಬಿದ್ದಾಗ ಕದಲಿ ಹನ್ನೆರಡಾಯಿತು. ಈಗ ಸರಿಯಾಗಿ ಕೆಲಸ ಮಾಡುತ್ತದೆ. ಅಪ್ಪ ಕಟ್ಟಿದ ಗಂಟನ್ನು ಬಿಚ್ಚಲು ನನ್ನ ಕೈ ಏಳುವುದಿಲ್ಲ. ನೀನೇ ಬಂದು ಬಿಚ್ಚು.

ರಾವ್ನಾ